ವಿಡಿಆರ್‌ಎಲ್ ಪಾಸಿಟಿವ್ ಬಂದರೆ ಸಿಫಿಲಿಸ್ ಇದೆ ಎಂದೇ ಅರ್ಥವೇ?

ಪ್ರಶ್ನೆ: ನಾನೀಗ ಮೂರು ತಿಂಗಳ ಗರ್ಭಿಣಿ. ವಿಡಿಆರ್‌ಎಲ್ ಪಾಸಿಟಿವ್ ಬಂದಿದೆ. ನನಗೂ ಗಂಡನಿಗೂ ಯಾವ ತೊಂದರೆಯೂ ಇಲ್ಲ. ಇದು ತಪ್ಪಾಗಿರಬಹುದೇ?

ಉತ್ತರ: ಖಂಡಿತ ಆಗಿರಬಹುದು. ಈ ಪರೀಕ್ಷೆ ರೋಗಾಣುವನ್ನೇ ಹುಡುಕುವುದಿಲ್ಲ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಶವಿರುವ ದ್ರವವನ್ನು ಸೀರಮ್ ಜೊತೆ ಸ್ಲೈಡ್ ಮೇಲೆ ಬೆರೆಸಿ ಅಲುಗಾಡಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಸಣ್ಣ ಗುಂಪುಗಳು ಕಂಡರೆ ಪಾಸಿಟಿವ್. ಹಾಗೆ ಗುಂಪುಗೂಡಿಸುವ ಪ್ರತಿಕಾಯಗಳು ಮಲೇರಿಯಾ, ಲೂಪಸ್‌ನಲ್ಲೂ ಹುಟ್ಟುತ್ತವೆ, ಕೆಲವೊಮ್ಮೆ ಬರೀ ಗರ್ಭಧಾರಣೆಯಿಂದಲೂ. ಆದರೆ ಟಿಪಿಎಚ್‌ಎ ಪರೀಕ್ಷೆ ಸಿಫಿಲಿಸ್ ರೋಗಾಣುವಿನ ವಿರುದ್ಧದ ಪ್ರತಿಕಾಯಗಳನ್ನೇ ಗುರುತಿಸುತ್ತದೆ. ಅದು ನೆಗೆಟಿವ್ ಬಂದರೆ ಮೊದಲಿನದು ಬಹುತೇಕ ಸುಳ್ಳು ಪಾಸಿಟಿವ್. ಸೋಂಕು ತೀರಾ ಹೊಸದೆಂಬ ಅನುಮಾನವಿದ್ದರೆ ವೈದ್ಯರು ಕೆಲ ವಾರಗಳ ನಂತರ ಮತ್ತೊಮ್ಮೆ ನೋಡುತ್ತಾರೆ. ಸೋಂಕು ನಿಜವಾಗಿದ್ದರೂ ಪೆನಿಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ, ಮಗುವಿಗೂ ರಕ್ಷಣೆ. ದಯವಿಟ್ಟು ಒಂದೇ ರಿಪೋರ್ಟ್ ಹಿಡಿದು ಗಂಡನನ್ನು ಅನುಮಾನಿಸಬೇಡಿ. ಈ ವಾರವೇ ಟಿಪಿಎಚ್‌ಎ ಮಾಡಿಸಿ.