ಕಾಲ್ಚೆಂಡಿನ ಬಯಲಿಗೆ ತಾಯಂದಿರೂ ಬರಲಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದಲ್ಲಿ, ಇಂದು ಬಸವಕಲ್ಯಾಣವೆಂದು ನಾವು ಕರೆಯುವ ತನ್ನ ರಾಜಧಾನಿಯಲ್ಲಿ, ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದಾಗ, ಅದರ ಐದು ವಿಂಶತಿಗಳ ಪೈಕಿ ಒಂದನ್ನು ಸಂಪೂರ್ಣವಾಗಿ ವಿನೋದಗಳಿಗೂ ಮತ್ತೊಂದನ್ನು ಕ್ರೀಡೆಗಳಿಗೂ ಮೀಸಲಿಟ್ಟನು. ಮಲ್ಲರ ಕಾಳಗ, ಆನೆಗಳ ಓಟ, ಕುದುರೆಯೇರಿದ ಎರಡು ಪಕ್ಷದವರು ಕೋಲಿನಿಂದ ಚೆಂಡನ್ನು ಹೊಡೆದೊಯ್ಯುವ ಆಟ, ಇವೆಲ್ಲ ಅಲ್ಲಿ ಸವಿಸ್ತಾರವಾಗಿ ನಿರೂಪಿತವಾಗಿವೆ. ಆಡುವವರ ಕೌಶಲವನ್ನು ಹೇಳಿ ಸುಮ್ಮನಾಗದೆ, ಬಯಲನ್ನು ಸಿದ್ಧಗೊಳಿಸುವ ಬಗೆಯನ್ನೂ, ಅದನ್ನು ನೋಡುವುದಕ್ಕೆಂದೇ ಕಟ್ಟಿಸಬೇಕಾದ ಮಂದಿರವನ್ನೂ ಆ ಗ್ರಂಥಕರ್ತನು ವಿಚಾರ ಮಾಡಿದ್ದಾನೆ. ಆಟವೆಂಬುದು ನೋಟಕರೂ ಸೇರಿ ಪೂರ್ಣವಾಗುವ ವಸ್ತುವೆಂದೂ, ನೋಟಕರ ಅನುಕೂಲವನ್ನು ಯಾರಾದರೂ ಮುಂಚಿತವಾಗಿ ಯೋಚಿಸಿ ಏರ್ಪಡಿಸತಕ್ಕದ್ದೆಂದೂ ಒಂಬತ್ತು ಶತಮಾನಗಳ ಹಿಂದೆಯೇ ಬಲ್ಲ ನೆಲ ಇದು.

ಆ ನೆಲದ ಮೇಲೆ ಈಗ ಚೆಂಡು ಇರುವುದು ನಮ್ಮ ಹುಡುಗರ ಕಾಲಡಿಯಲ್ಲಿ. ಬಸವಕಲ್ಯಾಣದಲ್ಲಾಗಲಿ, ಅಲ್ಲಿಂದ ಪೂರ್ವಕ್ಕೆ ಹೈದರಾಬಾದಿನ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಾಗಲಿ, ಕಾಲ್ಚೆಂಡಾಟವು ಕಬಡ್ಡಿಯಂತೆ, ಕುಸ್ತಿಯಂತೆ, ಇಂದಿನ ಕ್ರಿಕೆಟ್ಟಿನಂತೆ ಮನೆಮಾತಾದ ಆಟವೆನ್ನುವಂತಿಲ್ಲ. ಶಾಲಾ ಕಾಲೇಜುಗಳ ಕ್ರೀಡಾಕೂಟಗಳಲ್ಲಿಯೂ, ಸಂಜೆಯ ವೇಳೆ ಉತ್ಸಾಹಿ ತರುಣರು ಕಲ್ಲಾಯ್ದು ಮಾಡಿಕೊಂಡ ಬಯಲುಗಳಲ್ಲಿಯೂ ಅದು ಉಸಿರಾಡುತ್ತಿದೆ. ಪಂದ್ಯ ನಡೆಯುವಾಗ ಗೆರೆಯ ಸುತ್ತ ನಿಂತವರನ್ನು ಗಮನಿಸಿದರೆ, ಆಡುವ ಹುಡುಗನ ತಂದೆ ಅಲ್ಲಿರಬಹುದು, ಕಾಕಾ ಇರಬಹುದು, ಓಣಿಯ ಗೆಳೆಯರೆಲ್ಲ ಇರಬಹುದು. ತಾಯಿ ಇರುವುದು ಅತಿ ವಿರಳ. ನಸುಕಿನಲ್ಲೆದ್ದು ಅವನಿಗೆ ಜೋಳದ ರೊಟ್ಟಿ ಬಡಿದವಳು, ಕೆಸರಾದ ಅವನ ಅಂಗಿಯನ್ನು ಒಗೆದವಳು, ಮೊಣಕಾಲ ಗಾಯಕ್ಕೆ ಅರಿಸಿನ ಮೆತ್ತಿದವಳು, ಅವನು ಆಡುವುದನ್ನು ಮಾತ್ರ ಒಮ್ಮೆಯೂ ಕಣ್ಣಾರೆ ಕಂಡಿರುವುದಿಲ್ಲ. ಏಕೆ ತಾಯಿ, ನೀವೂ ಬರಬಾರದೆ ಎಂದು ಕೇಳಿದರೆ, “ಗಂಡಸರ ನಡುವ ನಮಗೇನ ಕೆಲಸ ಅದ?” ಎಂಬ ಮಾತು ಬರುತ್ತದೆ. ಆ ಮಾತನ್ನು ನಾಚಿಕೆಯ ಮಾತೆಂದು ತಿಳಿದು ನಾವು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಬಿಡತಕ್ಕದ್ದಲ್ಲವೆಂಬುದೇ ನನ್ನ ನಿವೇದನೆ.

ಈ ಸೀಮೆಯ ಹೆಣ್ಣುಮಕ್ಕಳಿಗೆ ಬಯಲಾಗಲಿ ಜನಸಂದಣಿಯಾಗಲಿ ಹೊಸದಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ತೇರು ಸಾಗುವಾಗ ಉತ್ತತ್ತಿ, ಬಾಳೆಹಣ್ಣು ಹಿಡಿದು ನಿಲ್ಲುವವರಲ್ಲಿ ಹೆಂಗಸರೇನು ಕಡಿಮೆಯೆ? ಮಾಣಿಕನಗರದಲ್ಲಿ ದತ್ತಜಯಂತಿಯ ಉತ್ಸವಕ್ಕೆ ಕರ್ನಾಟಕದಿಂದ ಮಾತ್ರವಲ್ಲದೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಕೂಸು ಕಂಕುಳಲ್ಲಿಟ್ಟುಕೊಂಡ ತಾಯಂದಿರು ಬಂದು ಸೇರುತ್ತಾರೆ. ಎಳ್ಳಮಾವಾಸ್ಯೆಯ ದಿನವಂತೂ ಭಜ್ಜಿ, ಕಡುಬು, ಅಂಬಲಿಗಳ ಬುಟ್ಟಿಯನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಂಜೆಯವರೆಗೆ ಗಿಡದ ನೆರಳಿನಲ್ಲಿ ಕುಳಿತು ಬರುವುದು ಬೀದರ, ಕಲಬುರಗಿ ಜಿಲ್ಲೆಗಳ ಜೀವನದ ಒಂದು ಪರಮ ಸಂತೋಷ. ಹೀಗೆ ಜಾತ್ರೆಗೂ ಹೊಲಕ್ಕೂ ನಿಸ್ಸಂಕೋಚವಾಗಿ ಬರುವವರು ಆಟದ ಬಯಲಿಗೆ ಮಾತ್ರ ಬಾರದಿರುವುದಕ್ಕೆ ಕಾರಣವನ್ನು ಅವರ ಸ್ವಭಾವದಲ್ಲಿ ಹುಡುಕುವುದು ಅನ್ಯಾಯ. ತೇರು ತಮ್ಮದು, ಹೊಲ ತಮ್ಮದು, ಅಲ್ಲಿ ತಮಗೊಂದು ಎಡೆ ಉಂಟು ಎಂಬ ಭರವಸೆ ಅವರಿಗಿದೆ. ಆಟದ ಬಯಲಿನ ವಿಷಯದಲ್ಲಿ ಅಂಥ ಭರವಸೆಯನ್ನು ನಾವಾರೂ ಕೊಟ್ಟಿಲ್ಲ.

ಪುರುಷರೇ ತುಂಬಿದ ಸಭೆಯಲ್ಲಿ ಸ್ತ್ರೀಯು ಸಮಾನಳಾಗಿ ಕುಳಿತ ದೃಷ್ಟಾಂತವನ್ನು ಅರಸಿಕೊಂಡು ನಾವು ಬಹುದೂರ ಹೋಗಬೇಕಾಗಿಯೂ ಇಲ್ಲ. ಬಸವಣ್ಣನವರ ಕಲ್ಯಾಣದಲ್ಲಿ, ಅನುಭವ ಮಂಟಪದ ಪರಂಪರೆಯಲ್ಲಿ, ಅಕ್ಕಮಹಾದೇವಿ, ಅಕ್ಕನಾಗಮ್ಮ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ ಮೊದಲಾಗಿ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ತಮ್ಮ ಮಾತನ್ನು ಸೇರಿಸಿದರು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇಗುಲದ ಹೊರಭಿತ್ತಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಶಿಲೆಯ ಮೇಲೆ ಬರೆಯುತ್ತ ನಿಂತ ಸುಂದರಿಯ ವಿಗ್ರಹವನ್ನು ಕಂಡವರು, ಈ ನಾಡಿನ ಶಿಲ್ಪಿಗೆ ಲೇಖನಕಾರ್ಯದಲ್ಲಿ ನಿರತಳಾದ ಹೆಣ್ಣು ಎಷ್ಟು ಸಹಜವಾಗಿ ತೋರಿದಳೆಂಬುದನ್ನು ಬಲ್ಲರು.

ಕಾಲ್ಚೆಂಡಿನ ಸಂಸ್ಕಾರವೂ ಈ ಭಾಗಕ್ಕೆ ಅಪರಿಚಿತವಾಗಬೇಕಾಗಿರಲಿಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರುವವರೆಗೂ ಈ ಎರಡು ಊರುಗಳೂ ಹೈದರಾಬಾದ್ ಸಂಸ್ಥಾನದಲ್ಲಿಯೂ, ಅನಂತರ ಅದೇ ಹೆಸರಿನ ರಾಜ್ಯದಲ್ಲಿಯೂ ಇದ್ದವು. ಆ ರಾಜ್ಯದ ರಾಜಧಾನಿಯ ಪೊಲೀಸ್ ತಂಡವಾದರೋ 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದ ತಂಡ. ಅದನ್ನು ಬೆಳೆಸಿದ ಗುರು ಸೈಯದ್ ಅಬ್ದುಲ್ ರಹೀಮರೇ ಭಾರತ ತಂಡಕ್ಕೂ ಗುರುವಾಗಿ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದರು. ನಮ್ಮ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿ ಸರಿಯಾಗಿ ಒಂದು ತಿಂಗಳಾದ ಡಿಸೆಂಬರ್ 1ರಂದು ಭಾರತವು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿ, ನೆವಿಲ್ ಡಿಸೋಜಾ ಅವರ ಮೂರು ಗೋಲುಗಳ ಬಲದಿಂದ ಉಪಾಂತ್ಯವನ್ನು ಮುಟ್ಟಿತು. ರಹೀಮರ ಶಿಷ್ಯರೇ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೂ ತಂದರು.

ಇನ್ನು ಸ್ತ್ರೀಯರು ಈ ಆಟವನ್ನು ನೋಡಲು ಬಯಸುವುದಿಲ್ಲವೆಂಬ ಮಾತು. ಇದು ಪ್ರಪಂಚದ ಅನುಭವಕ್ಕೆ ತೀರ ವಿರುದ್ಧವಾದುದು. ಇಂಗ್ಲೆಂಡಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬು 1885ರ ಈಸ್ಟರ್ ಪಂದ್ಯವೊಂದಕ್ಕೆ ಮಹಿಳೆಯರನ್ನು ಉಚಿತವಾಗಿ ಬಿಟ್ಟಾಗ ಸುಮಾರು ಎರಡು ಸಾವಿರ ಮಂದಿ ಬಂದರು. ಅದೇ ಶತಮಾನ ಮುಗಿಯುವುದರೊಳಗೆ ಕ್ಲಬ್ಬುಗಳು ಆ ಉಚಿತ ಪ್ರವೇಶವನ್ನು ಹಿಂದಕ್ಕೆ ತೆಗೆದುಕೊಂಡವು. ಅದೇ ಪ್ರೆಸ್ಟನ್ನಿನ ಡಿಕ್ ಕೆರ್ ಕಾರ್ಖಾನೆಯ ಕೆಲಸಗಾತಿಯರ ತಂಡವು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಆಡಿದಾಗ ಸೇರಿದ್ದವರು 53,000 ಜನ. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆಯು, ಈ ಆಟ ಹೆಣ್ಣಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಹೆಣ್ಣುಮಕ್ಕಳ ತಂಡಗಳಿಗೆ ಮುಚ್ಚಿತು. ಆ ಬಾಗಿಲು ಪುನಃ ತೆರೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಬಾಗಿಲನ್ನು ಮುಚ್ಚಿ, ಒಳಗೆ ಯಾರೂ ಬರುವುದಿಲ್ಲವೆಂದು ದೂರುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ಅನ್ಯಾಯ.

ಇರಾನಿನಲ್ಲಿ ಆ ಅನ್ಯಾಯವು ಪ್ರಾಣವನ್ನೇ ಬಲಿತೆಗೆದುಕೊಂಡಿತು. 1979ರ ಕ್ರಾಂತಿಯ ನಂತರದ ದಶಕಗಳಲ್ಲಿ ಅಲ್ಲಿ ಪುರುಷರ ಪಂದ್ಯಕ್ಕೆ ಮಹಿಳೆಯರು ಹೋಗುವಂತಿರಲಿಲ್ಲ. ತನ್ನ ಮೆಚ್ಚಿನ ತಂಡವನ್ನು ನೋಡಬೇಕೆಂದು ಗಂಡುಡುಗೆ ತೊಟ್ಟು ಹೋಗಿ ಸಿಕ್ಕಿಬಿದ್ದ ತರುಣಿಯೊಬ್ಬಳು, ಸೆರೆವಾಸವಾದೀತೆಂಬ ಭಯದಿಂದ, ನ್ಯಾಯಾಲಯದ ಹೊರಗೆ ಮೈಗೆ ಬೆಂಕಿಯಿಟ್ಟುಕೊಂಡು 2019ರ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಅವಳ ತಂಡದ ಬಣ್ಣದ ಮೇಲಿಂದ ಲೋಕವು ಅವಳನ್ನು ನೀಲಿ ಹುಡುಗಿಯೆಂದು ಸ್ಮರಿಸಿತು. ತಿಂಗಳೊಂದರ ಬಳಿಕ, ಅಕ್ಟೋಬರ್ 10ರಂದು, ತೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಇರಾನ್ ತಂಡವು ಕಾಂಬೋಡಿಯವನ್ನು 14–0ರಿಂದ ಸೋಲಿಸಿದ ದಿನ ಮೂರೂವರೆ ಸಾವಿರ ಮಹಿಳೆಯರಿಗಾದರೂ ಆಸನ ದೊರೆಯಿತು. ಸೌದಿ ಅರೇಬಿಯದಲ್ಲಿ 2018ರ ಜನವರಿಯಲ್ಲಿ, ಜೆಡ್ಡಾ ನಗರದಲ್ಲಿ, ಇಂಥದೇ ಬಾಗಿಲು ಮೊದಲ ಬಾರಿಗೆ ತೆರೆದಿತ್ತು. ನಮ್ಮ ಊರುಗಳಲ್ಲಿಯಾದರೋ ಹೆಣ್ಣನ್ನು ತಡೆಯುವ ಶಾಸನವೂ ಇಲ್ಲ, ಪಹರೆಯೂ ಇಲ್ಲ. ತಡೆಯೆಲ್ಲ ನಮ್ಮ ಅಲಕ್ಷ್ಯದಿಂದ ಹುಟ್ಟಿದುದು. ಶಾಸನವನ್ನಾದರೆ ಹೋರಾಡಿ ತೆಗೆಸಬಹುದು. ಅಲಕ್ಷ್ಯವು ಯಾರ ಹೆಸರಿನಲ್ಲಿಯೂ ಇರುವುದಿಲ್ಲವಾದ ಕಾರಣ ಅದು ಬಹುಕಾಲ ಬಾಳುತ್ತದೆ.

ತುರ್ಕಿಯ ಒಂದು ಪ್ರಸಂಗ ಇಲ್ಲಿ ವಿಚಾರಾರ್ಹವಾಗಿದೆ. ಫೆನರ್‌ಬಾಚೆ ತಂಡದ ಅಭಿಮಾನಿಗಳು ದಾಂಧಲೆ ಮಾಡಿದುದಕ್ಕಾಗಿ ಆ ತಂಡವು ಬರಿದಾದ ಕ್ರೀಡಾಂಗಣದಲ್ಲಿ ಆಡಬೇಕೆಂಬ ಶಿಕ್ಷೆಯಿತ್ತು. ಅದನ್ನು ಮಾರ್ಪಡಿಸಿ, ಮಹಿಳೆಯರನ್ನೂ ಹನ್ನೆರಡು ವರ್ಷದೊಳಗಿನ ಮಕ್ಕಳನ್ನೂ ಮಾತ್ರ ಬಿಡುವುದೆಂದು ನಿಶ್ಚಯಿಸಲು, 2011ರ ಸೆಪ್ಟೆಂಬರ್ 20ರಂದು ಇಸ್ತಾಂಬುಲಿನಲ್ಲಿ 41,000ಕ್ಕೂ ಮಿಕ್ಕಿ ಜನ ಸೇರಿದರು. ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೂ ಪುರುಷರನ್ನು ಹೊರಗಿಟ್ಟು ಮಹಿಳೆಯರನ್ನು ಕರೆಯುವ ಪದ್ಧತಿಯಾಗಲಿ, ಅವರನ್ನು ಮೂಲೆಯ ಪರದೆಯೊಳಗೆ ಕೂರಿಸುವ ಪದ್ಧತಿಯಾಗಲಿ ನನಗೆ ಸಮ್ಮತವಲ್ಲ. ಪ್ರಾರಂಭದ ದಿನಗಳಲ್ಲಿ ಒಂದು ಬದಿಯ ಆಸನಗಳನ್ನು ಅವರಿಗೆಂದು ಕಾದಿರಿಸುವುದು ಸರಿಯೇ. ಆದರೆ ಆ ಬದಿಯು ಮಧ್ಯರೇಖೆಗೆ ನೇರವಾದ, ಆಟ ಚೆನ್ನಾಗಿ ಕಾಣುವ, ನೆರಳುಳ್ಳ ಬದಿಯಾಗಿರಬೇಕು, ಮತ್ತು ಅಣ್ಣ ತಮ್ಮಂದಿರೂ ಗಂಡಂದಿರೂ ಅವರೊಡನೆ ಕುಳಿತುಕೊಳ್ಳಲು ಅಡ್ಡಿಯಿರಕೂಡದು.

ಇದಕ್ಕೆ ನಮ್ಮ ನಾಡಿನ ಅತ್ಯುತ್ತಮ ಮಾದರಿಯೆಂದು ನಾನು ಭಾವಿಸುವುದು ಕೊಡಗಿನ ಹಾಕಿ ಉತ್ಸವವನ್ನು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಅರವತ್ತು ಕುಟುಂಬಗಳ ತಂಡಗಳೊಡನೆ ಅದನ್ನು ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಬಂದುವು. ತಂಡವು ಊರಿನದಲ್ಲ, ಕಾಲೇಜಿನದಲ್ಲ, ಒಕ್ಕದ್ದು. ಮನೆತನದ ಹೆಸರನ್ನೇ ಹೊತ್ತು ಆಡುವ ಆ ತಂಡದಲ್ಲಿ ಅಜ್ಜನೂ ಮೊಮ್ಮಗನೂ, ಅಣ್ಣನೂ ತಂಗಿಯೂ ಕೂಡಿ ಆಡಬಹುದು. ಆದಕಾರಣ ಗ್ಯಾಲರಿಯಲ್ಲಿ ಹೆಂಗಸರು ಕುಳಿತಿರುವುದು ಅಲ್ಲಿ ಯಾರಿಗೂ ವಿಶೇಷವಾಗಿ ತೋರುವುದೇ ಇಲ್ಲ. ಅವರನ್ನು ಪ್ರತ್ಯೇಕವಾಗಿ ಉತ್ತೇಜಿಸುವ ಪ್ರಯತ್ನವೇ ಬೇಕಾಗಲಿಲ್ಲ. ಆಟವು ಮನೆಯವರ ಆಟವಾದೊಡನೆ ಮನೆಯೊಡತಿಯೂ ಬಂದು ಕುಳಿತಳು.

ಬೀದರಿನ ಸೀಮೆಯಲ್ಲಿ ಒಕ್ಕದ ವ್ಯವಸ್ಥೆಯಿಲ್ಲವಾದರೂ ಅದಕ್ಕೆ ಸಮಾನವಾದ ಬಲವೊಂದಿದೆ. ಮಹಿಳಾ ಸ್ವಸಹಾಯ ಸಂಘಗಳನ್ನು ಬ್ಯಾಂಕಿನೊಡನೆ ಜೋಡಿಸುವ ಕಾರ್ಯದಲ್ಲಿ ಬೀದರ ಜಿಲ್ಲಾ ಸಹಕಾರ ಬ್ಯಾಂಕು ದೇಶದ ಗಮನವನ್ನೇ ಸೆಳೆಯಿತು. ಆ ಸಂಘಗಳು ಇಂದು ಊರೂರಿನಲ್ಲಿವೆ, ಅವುಗಳ ಸಭೆಗಳಲ್ಲಿ ಹೆಣ್ಣುಮಕ್ಕಳು ನಿಯಮಿತವಾಗಿ ಸೇರಿ ಉಳಿತಾಯದ ಲೆಕ್ಕವನ್ನೂ ಸಾಲದ ವಿಚಾರವನ್ನೂ ನಿರ್ಭಯವಾಗಿ ಚರ್ಚಿಸುತ್ತಾರೆ. ಪಂದ್ಯದ ಆಹ್ವಾನವು ಚಾವಡಿಯ ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ ಉಳಿಯದೆ, ಆ ಸಭೆಗೆ ಬಂದು, ಸಂಘದ ಅಕ್ಕಂದಿರ ಬಾಯಿಂದ ಓದಲ್ಪಡಬೇಕು. ಹತ್ತು ಮಂದಿ ಒಟ್ಟಾಗಿ ಹೊರಟರೆ ಒಬ್ಬೊಬ್ಬರಿಗೂ ಧೈರ್ಯ ಬರುತ್ತದೆ, ಮನೆಯ ಹಿರಿಯರಿಗೂ ಹೇಳಲು ಮಾತು ಸಿಗುತ್ತದೆ. ಆಡುವ ಮಕ್ಕಳ ಶಾಲೆಯಿಂದ ಬರುವ ಕರೆಯೋಲೆಯನ್ನು ತಂದೆಯ ಹೆಸರಿಗಷ್ಟೇ ಬರೆಯದೆ ತಾಯಿಯ ಹೆಸರಿಗೂ ಬರೆದರೆ ಅದರ ತೂಕವೇ ಬೇರೆ.

ಹೆಣ್ಣುಮಕ್ಕಳ ಪಂದ್ಯವನ್ನು ಗಂಡುಮಕ್ಕಳ ಪಂದ್ಯದ ದಿನವೇ, ಅದೇ ಬಯಲಿನಲ್ಲಿ, ಅದಕ್ಕಿಂತ ಮುಂಚೆ ಇಡುವುದು ಇನ್ನೊಂದು ಉಪಾಯ. ಮಗಳು ಆಡುವಳೆಂದರೆ ತಾಯಿ ಬಂದೇ ಬರುವಳು. ಬಂದವಳು ಎರಡನೆಯ ಪಂದ್ಯಕ್ಕೂ ಕುಳಿತುಕೊಳ್ಳುವಳು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಣ್ಣುಮಕ್ಕಳು 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಅಂತಿಮ ಪಂದ್ಯದವರೆಗೆ ಹೋದದ್ದನ್ನೂ, 2025ರ ಜುಲೈ 5ರಂದು ಚಿಯಾಂಗ್ ಮಾಯಿಯಲ್ಲಿ ಭಾರತದ ವನಿತೆಯರು ಸಂಗೀತಾ ಬಸ್ಫೋರರ ಎರಡು ಗೋಲುಗಳಿಂದ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹರಾದದ್ದನ್ನೂ ಅಂಥ ಮಧ್ಯಾಹ್ನಗಳಲ್ಲಿ ಧ್ವನಿವರ್ಧಕದ ಮೂಲಕ ಹೇಳಬೇಕು. ಅದೇ ಧ್ವನಿವರ್ಧಕವು ಪ್ರೇಕ್ಷಕರ ಬೈಗಳ ಭಾಷೆಯನ್ನು ತಡೆಯುವ ಕೆಲಸವನ್ನೂ ಮಾಡಬೇಕು. ಕೆಟ್ಟ ಮಾತಾಡಿದವನನ್ನೂ, ಅನುಮತಿಯಿಲ್ಲದೆ ಹೆಣ್ಣುಮಕ್ಕಳತ್ತ ಮೊಬೈಲ್ ಹಿಡಿದವನನ್ನೂ ಹೊರಗೆ ಕಳುಹಿಸಲು ಒಬ್ಬ ಮಹಿಳಾ ಪೇದೆಯೂ ಊರಿನ ಇಬ್ಬರು ಹಿರಿಯರೂ ಸಾಕು.

ಉಳಿದುವು ಸಣ್ಣ ಸಂಗತಿಗಳೆಂದು ತೋರುತ್ತವೆ. ಆದರೆ ನೂರಾರು ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುವುದು ಇವುಗಳಿಂದಲೇ. ನೀರಿರುವ, ಚಿಲಕವಿರುವ ಶೌಚಾಲಯವಿಲ್ಲದ ಮೈದಾನಕ್ಕೆ ಮೂರು ತಾಸಿನ ಮಟ್ಟಿಗೆ ಯಾವ ತಾಯಿಯೂ ಬರಲಾರಳು. ನಾಲ್ಕು ಶೀಟಿನ ಪೆಂಡಾಲು, ಕುಡಿಯುವ ನೀರು, ಕೂಸು ಮಲಗಿಸಲು ಒಂದು ಜಮಖಾನೆ, ಇಷ್ಟಕ್ಕೆ ಮಹಾಸಂಪತ್ತೇನೂ ಬೇಡ. ತೊಗರಿಯ ರಾಶಿಯ ದಿನಗಳಲ್ಲಿ ಪಂದ್ಯವಿಟ್ಟು ಹೆಂಗಸರು ಬರಲಿಲ್ಲವೆಂದರೆ ದೋಷ ಪಂದ್ಯವಿಟ್ಟವರದು. ಈ ಭಾಗದ ಬೇಸಿಗೆಯ ಬಿಸಿಲಿನಲ್ಲಂತೂ ಇಡಲೇಬಾರದು. ಮಧ್ಯಾಹ್ನದ ಊಟದ ಕೆಲಸ ಮುಗಿದು ಸಂಜೆಯ ಅಡುಗೆಗೆ ಇನ್ನೂ ಹೊತ್ತಿರುವಾಗ, ಮೂರು ಗಂಟೆಗೆ ಆರಂಭಿಸಿದರೆ ಬೆಳಕಿರುವಾಗಲೇ ಮುಗಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆಯಷ್ಟೆ. ರಾಜೇಶ್ವರದಿಂದಲೋ ಹಳ್ಳಿಖೇಡದಿಂದಲೋ ಬರುವವಳಿಗೆ ಹಣದ ಚಿಂತೆಯಿಲ್ಲ, ಮರಳುವ ಬಸ್ಸಿನ ಚಿಂತೆ ಮಾತ್ರ ಉಂಟು. ಆದುದರಿಂದ ಪಂದ್ಯದ ದಿನಾಂಕವನ್ನು ಗೊತ್ತುಪಡಿಸುವ ಮುನ್ನವೇ ದೈಹಿಕ ಶಿಕ್ಷಕರು ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋ ವ್ಯವಸ್ಥಾಪಕರನ್ನು ಕಂಡು, ಹುಲಸೂರಿಗೂ ಚಿಟಗುಪ್ಪಕ್ಕೂ ಹೋಗುವ ಬಸ್ಸು ಅಂದಿನ ಮಟ್ಟಿಗೆ ಅರ್ಧ ತಾಸು ತಡೆದು, ಮೈದಾನದ ಬಾಗಿಲಲ್ಲಿ ನಿಂತು ಹೋಗುವಂತೆ ಕೇಳಿಕೊಂಡು, ಆ ವೇಳೆಯನ್ನು ಕರೆಯೋಲೆಯ ಮೇಲೆಯೇ ಅಚ್ಚು ಹಾಕಿಸಬೇಕು.