ಹಿಕ್ಕೆ ಹಿಡಿದುಕೊಟ್ಟ ಹಕ್ಕಿ

ಅಂಟಾರ್ಕ್ಟಿಕದ ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡುತ್ತಿದ್ದ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಪೀಟರ್ ಫ್ರೆಟ್‌ವೆಲ್ ಅವರ ಕಣ್ಣಿಗೆ ಹ್ಯಾಲಿ ಬೇ ಬಳಿ ಒಂದು ಕೆಂಗಂದು ಕಲೆ ಬಿತ್ತು. ಹೆಪ್ಪುಗಟ್ಟಿದ ಕಡಲಿನ ಮೇಲೆ ಮಣ್ಣಿಲ್ಲ, ಕಲ್ಲಿಲ್ಲ. ಕಂದು ಬಣ್ಣ ಎಲ್ಲಿಂದ ಬರಬೇಕು? ಅಲ್ಲಿ ಎಂಪರರ್ ಪೆಂಗ್ವಿನ್‌ಗಳ ದೊಡ್ಡ ಬೀಡಿರುವುದು ಮೊದಲೇ ಗೊತ್ತಿತ್ತು. ಕಲೆ ಅವುಗಳ ಹಿಕ್ಕೆಯದು.

ಈ ಹಕ್ಕಿಯ ಸಂಸಾರದ ಲೆಕ್ಕಾಚಾರವೇ ತಿರುಗುಮುರುಗು. ಅದು ಮೊಟ್ಟೆಯಿಡುವುದು ಚಳಿಗಾಲ ಶುರುವಾಗುವಾಗ. ಗೂಡಿಲ್ಲ, ಕಟ್ಟಲು ಕಡ್ಡಿಯೂ ಸಿಗದು. ಹೆಣ್ಣು ಇರುವ ಒಂದೇ ಮೊಟ್ಟೆಯನ್ನು ಗಂಡಿನ ಪಾದದ ಮೇಲೆ ದಾಟಿಸಿ ಸಮುದ್ರದ ಕಡೆ ಹೊರಟುಬಿಡುತ್ತದೆ. ಗಂಡು ಹೊಟ್ಟೆಯಡಿಯ ಚರ್ಮದ ಮಡಿಕೆಯನ್ನು ಅದರ ಮೇಲೆ ಇಳಿಬಿಟ್ಟು, ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸವಿದ್ದು ಕಾವು ಕೊಡುತ್ತದೆ. ಬೇಸಿಗೆಯಲ್ಲಿ ಮಂಜು ಒಡೆಯುವಷ್ಟರಲ್ಲಿ ಮರಿ ಈಜಲು ಸಿದ್ಧವಾಗಬೇಕು, ಅವಸರವೆಲ್ಲ ಅದಕ್ಕೇ.

ಇಂಥ ಹೊತ್ತಿನಲ್ಲಿ ಅಲ್ಲಿಗೆ ಹೋಗುವವರು ಯಾರು? 1911ರಲ್ಲಿ ಧ್ರುವಯಾತ್ರಿ ಸ್ಕಾಟ್ ಅವರ ತಂಡದ ವಿಲ್ಸನ್, ಬೋವರ್ಸ್, ಚೆರಿ-ಗೆರಾರ್ಡ್ ಹೋದರು. ಮೊಟ್ಟೆಯೊಳಗಿನ ಭ್ರೂಣದಲ್ಲಿ ಹಕ್ಕಿ-ಸರೀಸೃಪಗಳ ನಂಟು ಕಂಡೀತೆಂಬ ಆಸೆ. ಹಗಲಿಲ್ಲದ ಕತ್ತಲೆಯಲ್ಲಿ, ಮೈನಸ್ 60 ಡಿಗ್ರಿ ಮುಟ್ಟಿದ ಚಳಿಯಲ್ಲಿ, ಸುಮಾರು ಐದು ವಾರ ಜಾರುಬಂಡಿ ಎಳೆದು ಕೇಪ್ ಕ್ರೋಜಿಯರ್‌ನಿಂದ ಮೂರು ಮೊಟ್ಟೆ ತಂದರು. ನಡುವೆ ಬಿರುಗಾಳಿ ಡೇರೆಯನ್ನೇ ಹಾರಿಸಿತ್ತು. ಅದು ಮತ್ತೆ ಸಿಕ್ಕಿದ್ದರಿಂದಲೇ ಜೀವ ಉಳಿಯಿತು. ಇಷ್ಟೆಲ್ಲ ಆದ ಮೇಲೆ 1934ರಲ್ಲಿ ಹೊರಬಂದ ವರದಿ, ಮೊಟ್ಟೆಗಳಿಂದ ಹೊಸದಾಗಿ ತಿಳಿದದ್ದು ಅಷ್ಟಕ್ಕಷ್ಟೇ ಎಂದಿತು.

ಹಿಕ್ಕೆಯೇ ವಾಸಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂಟಿ ಹಕ್ಕಿ ಕಾಣದು. ಆದರೆ ಸಾವಿರಾರು ಹಕ್ಕಿಗಳು ತಿಂಗಳುಗಟ್ಟಲೆ ಒಂದೇ ಕಡೆ ಬೀಡುಬಿಟ್ಟರೆ ಮಂಜು ಹೊಲಸಾಗದೆ ಇದ್ದೀತೆ? ಆ ಹೊಲಸನ್ನೇ ಕರಾವಳಿಯುದ್ದಕ್ಕೂ ಹುಡುಕಿದ ಫ್ರೆಟ್‌ವೆಲ್ ಮತ್ತು ಫಿಲ್ ಟ್ರಾಥನ್ 2009ರಲ್ಲಿ 38 ಬೀಡುಗಳನ್ನು ಗುರುತಿಸಿದರು, 10 ಹೊಸವು.

ಎಲ್ಲಿವೆ ಎಂಬುದೇನೋ ತಿಳಿಯಿತು, ಎಷ್ಟಿವೆ? ಅದಕ್ಕೆ ಇನ್ನೂ ಸ್ಪಷ್ಟ ಚಿತ್ರಗಳು ಬೇಕಾದವು. ಹಕ್ಕಿ ಯಾವುದು, ನೆರಳು ಯಾವುದು, ಹಿಕ್ಕೆ ಯಾವುದು ಎಂದು ಬೇರ್ಪಡಿಸಿ ಎಣಿಸಿದ 2012ರ ಲೆಕ್ಕ 46 ಬೀಡು, ಸುಮಾರು 5,95,000 ಹಕ್ಕಿ ಎಂದಿತು. ಹಿಂದಿನ ಅಂದಾಜಿನ ಹೆಚ್ಚುಕಡಿಮೆ ಇಮ್ಮಡಿ. ಹಕ್ಕಿಗಳು ಹೆಚ್ಚಿದ್ದಲ್ಲ, ಎಣಿಕೆ ಸುಧಾರಿಸಿದ್ದು. 2024ರ ಹೊತ್ತಿಗೆ ಗೊತ್ತಿರುವ ಬೀಡುಗಳು 66.

ಉಪಗ್ರಹ ಚಿತ್ರಗಳು ಕೆಟ್ಟ ಸುದ್ದಿಯನ್ನೂ ತಂದವು. 2022ರಲ್ಲಿ ಬೆಲಿಂಗ್ಸ್‌ಹೌಸನ್ ಸಮುದ್ರದ ಐದು ಬೀಡುಗಳ ಪೈಕಿ ನಾಲ್ಕರಲ್ಲಿ ಮಂಜು ಅವಧಿಗೆ ಮುಂಚೆಯೇ ಒಡೆಯಿತು. ಮರಿಗಳ ಎಳೆಯ ತುಪ್ಪಳ ನೀರು ತಡೆಯುವುದಿಲ್ಲ. ಆ ವರ್ಷ ಈ ಐದರಲ್ಲಿ ಮರಿಗಳು ಉಳಿದದ್ದು ರಾಥ್ಸ್‌ಚೈಲ್ಡ್ ದ್ವೀಪದ ಬಳಿಯ ಬೀಡಿನಲ್ಲಿ ಮಾತ್ರ.