ಖಾಲಿ ಬಾಟಲಿಯಿಂದ ಹುಟ್ಟಿದ ಬಂಡವಾಳ

ಕೆಲಸ ಸಿಗಲಿಲ್ಲವೆಂದು ಕೈಕಟ್ಟಿ ಕೂರದೆ ಸ್ವಂತ ಉದ್ಯಮ ಕಟ್ಟಿದ ಆಫ್ರಿಕಾದ ತರುಣ ತರುಣಿಯರ ಅನುಭವದಲ್ಲಿ ವಿದ್ಯಾರ್ಥಿಗಳಿಗೂ ಪಾಲಕರಿಗೂ ಪಾಠಗಳಿವೆ.

ಉಗಾಂಡ ದೇಶದ ಶಾಲಾ ವಿದ್ಯಾರ್ಥಿ ಆಂಡ್ರ್ಯೂ ಮುಪುಯಾನಿಗೆ ಆಗ ಹದಿನಾರು ವರ್ಷ. ಅದು 2008ನೇ ಇಸವಿ. ತಂದೆ, ತಾಯಿ ಇಬ್ಬರೂ ಕೆಲಸ ಕಳೆದುಕೊಂಡಿದ್ದರು. ಹೇಗೋ ಮಗನ ಶಾಲೆಯ ಫೀಸು ಹೊಂದಿಸುತ್ತಿದ್ದರೇ ಹೊರತು ಮಿಕ್ಕ ಖರ್ಚಿಗೆ ಅವರ ಕೈಯಲ್ಲಿ ಕಾಸಿರಲಿಲ್ಲ.

ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸುವ ಮಾತು ಅಲ್ಲಿನ ಸರ್ಕಾರದ ಮಟ್ಟದಲ್ಲಿ ನಡೆದಿದ್ದ ಕಾಲವದು. ಪ್ಲಾಸ್ಟಿಕ್ ಹೋದರೆ ಅಂಗಡಿಯವರು ಸಾಮಾನನ್ನು ಯಾವುದರಲ್ಲಿ ಕಟ್ಟಿಕೊಡುತ್ತಾರೆ? ಈ ಪ್ರಶ್ನೆ ಹುಡುಗನ ತಲೆ ಹೊಕ್ಕಿತು. ರಾಜಧಾನಿ ಕಂಪಾಲಾದ ಗೂಡಂಗಡಿಯಿಂದ ಹಿಡಿದು ದೊಡ್ಡ ಮಳಿಗೆಗಳವರೆಗೆ ಅಲೆದು, ಕಾಗದದ ಚೀಲ ಕೊಟ್ಟರೆ ಕೊಳ್ಳುವಿರಾ ಎಂದು ವಿಚಾರಿಸಿದ. ಕೊಳ್ಳುವವರಿದ್ದಾರೆ ಎಂದು ಖಾತ್ರಿಯಾದ ಮೇಲೆ ಲೆಕ್ಕ ಹಾಕಿದ. ಬೇಕಾಗಿದ್ದುದು 36,000 ಉಗಾಂಡ ಶಿಲ್ಲಿಂಗ್, ಅಂದರೆ ಸುಮಾರು 14 ಡಾಲರ್. ಒಂದು ವಾರ ತಿರುಗಿ 70 ಕಿಲೋ ಖಾಲಿ ಪ್ಲಾಸ್ಟಿಕ್ ಬಾಟಲಿ ಆಯ್ದು ಮಾರಿದ. 11 ಡಾಲರ್ ಬಂತು. ಉಳಿದ ಮೂರು ಡಾಲರನ್ನು ಶಾಲೆಯ ಶಿಕ್ಷಕರಿಂದ ಸಾಲ ಪಡೆದ.

ನಾಲ್ಕು ವರ್ಷಗಳ ನಂತರ, 2012ರಲ್ಲಿ, ಆಫ್ರಿಕಾದ ಎಳೆಯ ಉದ್ಯಮಿಗಳಿಗೆ ಮೀಸಲಾದ ‘ಅಂಜಿಶಾ’ ಪ್ರಶಸ್ತಿ ಅವನಿಗೆ ಬಂತು. ಅಷ್ಟು ಹೊತ್ತಿಗೆ ಅವನ ‘ಯೇಲಿ’ ಸಂಸ್ಥೆ ಹತ್ತಾರು ಜನರಿಗೆ ಕೆಲಸ ಕೊಟ್ಟಿತ್ತು. ವಾರಕ್ಕೆ ಸಾವಿರಾರು ಚೀಲಗಳು ಅಲ್ಲಿಂದ ಹೊರಬೀಳುತ್ತಿದ್ದವು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಕೆಲಸ ನಡೆದ ಕ್ರಮವನ್ನು. ಮೊದಲು ಜನರಿಗೆ ಏನು ಬೇಕೆಂದು ನೋಡಿದ, ಆಮೇಲೆ ಗಿರಾಕಿಗಳನ್ನು ಕೇಳಿದ, ಅನಂತರ ಲೆಕ್ಕ ಹಾಕಿದ. ದುಡ್ಡಿನ ಪ್ರಶ್ನೆ ಬಂದದ್ದು ಕಡೆಯಲ್ಲಿ. ಬಹುಪಾಲು ಯುವಕರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಉರಿಬಿಸಿಲಿನ ಉದ್ಯಮಿಗಳು

ಆಫ್ರಿಕಾದಲ್ಲಿ ಸ್ವಂತ ಉದ್ಯೋಗವೆಂಬುದು ಅನೇಕರಿಗೆ ಹವ್ಯಾಸವಲ್ಲ, ಅನಿವಾರ್ಯ. ಅಲ್ಲಿ ಪ್ರತಿವರ್ಷ ಒಂದು ಕೋಟಿಗೂ ಹೆಚ್ಚು ಯುವಜನರು ದುಡಿಮೆಯ ವಯಸ್ಸಿಗೆ ಬರುತ್ತಾರೆ, ಆದರೆ ಹುಟ್ಟುವ ಖಾಯಂ ನೌಕರಿಗಳು ಸುಮಾರು 30 ಲಕ್ಷ ಮಾತ್ರ ಎಂಬುದು ಆಫ್ರಿಕಾ ಅಭಿವೃದ್ಧಿ ಬ್ಯಾಂಕಿನ ಅಂದಾಜು. ಉಳಿದವರು ಏನಾದರೊಂದು ಮಾಡಿ ಬದುಕಲೇಬೇಕು. ಕೀನ್ಯಾದಲ್ಲಿ ಇಂಥ ಸಣ್ಣ ಕಸುಬುದಾರರಿಗೆ ‘ಜುವಾ ಕಾಲಿ’ ಎನ್ನುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಉರಿಬಿಸಿಲು. ಸೂರಿಲ್ಲದ ಕಡೆ ಬಿಸಿಲಲ್ಲೇ ಕುಳಿತು ತಗಡು ಬಡಿಯುವ, ಬೆಸುಗೆ ಹಾಕುವ, ಪೀಠೋಪಕರಣ ಮಾಡುವ ಜನರಿಂದ ಬಂದ ಹೆಸರದು. ಅಂಗಡಿಗೆ ಅವರು ‘ದುಕಾ’ ಎನ್ನುತ್ತಾರೆ. ನಮ್ಮ ‘ದುಕಾನು’ ಅದರ ಹತ್ತಿರದ ನೆಂಟ.

ಹಣದ ದಾರಿಗಳು

ಅಡವಿಡಲು ಆಸ್ತಿಯಿಲ್ಲದ ಯುವಕನಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡದು. ಹಾಗಾಗಿ ಅಲ್ಲಿನವರು ನಮ್ಮ ಚೀಟಿ ವ್ಯವಹಾರವನ್ನು ಹೋಲುವ ಕೂಟಗಳನ್ನು ನೆಚ್ಚಿಕೊಂಡಿದ್ದಾರೆ. ಪರಿಚಯಸ್ಥರು ವಾರಕ್ಕೋ ತಿಂಗಳಿಗೋ ಇಂತಿಷ್ಟು ಹಾಕಿ, ಸರದಿಯ ಪ್ರಕಾರ ಒಬ್ಬೊಬ್ಬರು ಇಡೀ ಮೊತ್ತ ಪಡೆಯುತ್ತಾರೆ. ಇಥಿಯೋಪಿಯಾದಲ್ಲಿ ಇದಕ್ಕೆ ‘ಇಕುಬ್’, ಕೀನ್ಯಾದಲ್ಲಿ ‘ಚಾಮಾ’, ದಕ್ಷಿಣ ಆಫ್ರಿಕಾದಲ್ಲಿ ‘ಸ್ಟಾಕ್‌ವೆಲ್’ ಎಂದು ಹೆಸರು. ಕಂತು ತಪ್ಪಿದರೆ ನೆರೆಹೊರೆಯಲ್ಲಿ ಮಾನ ಹೋಗುತ್ತದೆ ಎಂಬ ಅಂಜಿಕೆಯೇ ಇಲ್ಲಿ ಜಾಮೀನು.

ಇನ್ನೊಂದು ದಾರಿ ಪ್ರೋತ್ಸಾಹಧನದ್ದು. ನೈಜೀರಿಯಾದ ಉದ್ಯಮಿ ಟೋನಿ ಎಲುಮೆಲು 2010ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು 2015ರಿಂದ ಆಫ್ರಿಕಾದ 54 ದೇಶಗಳ ಹೊಸ ಉದ್ಯಮಿಗಳಿಂದ ಅರ್ಜಿ ಕರೆದು, ಆಯ್ಕೆಯಾದವರಿಗೆ ತರಬೇತಿಯೊಂದಿಗೆ 5,000 ಡಾಲರ್ ಕೊಡುವ ಯೋಜನೆ ನಡೆಸಿದೆ. ಬಂಡವಾಳಕ್ಕೆ ಮೊದಲು ತರಬೇತಿ ಎಂಬುದು ಇದರ ಮರ್ಮ.

ಮೂರನೆಯ ದಾರಿ ನುಣುಪಾದದ್ದು, ಜಾರಿಬೀಳುವ ಭಯವೂ ಅಲ್ಲೇ ಹೆಚ್ಚು. ಕೀನ್ಯಾದಲ್ಲಿ 2007ರಲ್ಲಿ ಬಂದ ‘ಎಂ-ಪೆಸಾ’ದಿಂದ ಮೊಬೈಲಿನಲ್ಲೇ ಹಣ ಕಳಿಸುವುದು ಸಾಧ್ಯವಾಯಿತು. ತರಕಾರಿ ಮಾರುವವರಿಗೂ ವ್ಯವಹಾರದ ದಾಖಲೆ ಸಿಕ್ಕಿತು. ಇದರ ಬೆನ್ನಿಗೇ ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಕಂಪೆನಿಗಳೂ ಬಂದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ ಸುಳಿಗೆ ಸಿಕ್ಕವರು ಹಲವರು. ಕಡೆಗೆ 2022ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಇಂಥ ಕಂಪೆನಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಬೇಕಾಯಿತು. ಸಾಲ ಬೇಗ ಸಿಗುತ್ತದೆ ಎನ್ನುವುದು ಸಾಲ ಮಾಡಲು ಕಾರಣವಾಗಬಾರದು.

ಯಜಮಾನನ ಅಂಗಡಿಯೇ ಪಾಠಶಾಲೆ

ನೈಜೀರಿಯಾದ ಇಗ್ಬೋ ಜನರು 1967ರಿಂದ 1970ರವರೆಗೆ ನಡೆದ ಬಿಯಾಫ್ರಾ ಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡರು. ಯುದ್ಧದ ನಂತರ, ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದವರಿಗೂ ಕೇವಲ 20 ಪೌಂಡ್ ಕೊಟ್ಟು ಕೈತೊಳೆದುಕೊಳ್ಳಲಾಯಿತು. ಅಂಥವರು ಮತ್ತೆ ತಲೆಯೆತ್ತಿದ್ದರಲ್ಲಿ ಅವರ ಶಿಷ್ಯವೃತ್ತಿ ಪದ್ಧತಿಯ ಪಾಲು ದೊಡ್ಡದು.

ಹುಡುಗನೊಬ್ಬ ಬಂಧುವಿನದೋ ಊರಿನವರದೋ ಅಂಗಡಿ ಸೇರುತ್ತಾನೆ. ಐದಾರು ವರ್ಷ ಸಂಬಳವಿಲ್ಲ. ಊಟ, ವಸತಿ ಯಜಮಾನನದೇ. ಕಸ ಗುಡಿಸುವುದರಿಂದ ತೊಡಗಿ ಸರಕು ತರುವುದು, ಚೌಕಾಸಿ, ಲೆಕ್ಕಪತ್ರ ಎಲ್ಲವನ್ನೂ ಕಲಿಯುತ್ತಾನೆ. ಅವಧಿ ಮುಗಿದಾಗ ಯಜಮಾನ ಅವನಿಗೆ ಬಂಡವಾಳ ಕೊಟ್ಟು ಬೇರೆ ಅಂಗಡಿ ಹಾಕಿಸಬೇಕು. ತನಗೆ ಪ್ರತಿಸ್ಪರ್ಧಿಯನ್ನು ತಾನೇ ತಯಾರು ಮಾಡುವ ಈ ಪದ್ಧತಿ ಲೋಕದ ವ್ಯಾಪಾರ ಪಂಡಿತರಿಗೆ ಅಚ್ಚರಿ ತಂದಿದೆ.

ಇದರಲ್ಲಿ ದೋಷವಿಲ್ಲದೆ ಇಲ್ಲ. ಒಪ್ಪಂದ ಬಾಯಿಮಾತಿನದಾದರೆ, ಬಂಡವಾಳ ಕೊಡುವ ಕಾಲ ಹತ್ತಿರ ಬಂದಾಗ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಹೊರಗಟ್ಟುವ ಯಜಮಾನರೂ ಇದ್ದಾರೆ. ಆದ್ದರಿಂದ ಕರಾರು ಬರವಣಿಗೆಯಲ್ಲಿರಲಿ, ಎರಡೂ ಕಡೆಯ ಹಿರಿಯರ ರುಜು ಇರಲಿ ಎಂದು ತಿಳಿದವರು ಎಚ್ಚರಿಸುತ್ತಾರೆ. ಸ್ನೇಹಿತರ ಪಾಲುದಾರಿಕೆಗೂ ಇದೇ ಮಾತು ಸಲ್ಲುತ್ತದೆ.

ಕಾಲಬುಡದಲ್ಲೇ ಸಂಪತ್ತು

ಇಥಿಯೋಪಿಯಾದ ಬೆತ್ಲೆಹೆಮ್ ತಿಲಾಹುನ್ ಅಲೆಮು ಲೆಕ್ಕಶಾಸ್ತ್ರ ಓದಿದಾಕೆ. ಅಡಿಸ್ ಅಬಾಬಾದ ಅಂಚಿನ ತನ್ನ ಹಳ್ಳಿ ಜೆನಾಬ್‌ವರ್ಕ್‌ನಲ್ಲಿ ನೂಲುವ, ನೇಯುವ ನುರಿತ ಕೈಗಳು ಕೆಲಸವಿಲ್ಲದೆ ಕೂತದ್ದನ್ನು ಆಕೆ ಕಂಡಿದ್ದರು. ಸವೆದ ಟೈರನ್ನು ಕತ್ತರಿಸಿ ಚಪ್ಪಲಿ ಮಾಡುವುದು ಆ ದೇಶದಲ್ಲಿ ಮೊದಲಿನಿಂದ ಇದ್ದದ್ದೇ. 2005ರಲ್ಲಿ ಅಜ್ಜಿಯ ಜಾಗದಲ್ಲಿ, ಮನೆಯವರ ನೆರವಿನಿಂದ, ಬೆರಳೆಣಿಕೆಯ ಕೆಲಸಗಾರರೊಂದಿಗೆ ‘ಸೋಲ್‌ರೆಬೆಲ್ಸ್’ ಆರಂಭಿಸಿದರು. ಟೈರಿನ ಅಟ್ಟೆಗೆ ಕೈಮಗ್ಗದ ಬಟ್ಟೆ ಸೇರಿಸಿದ ಆ ಪಾದರಕ್ಷೆಗಳು ಹೊರದೇಶಗಳ ಮಾರುಕಟ್ಟೆಗೂ ಹೋದವು. ಊರಿಗೆ ಗೊತ್ತಿದ್ದ ವಿದ್ಯೆಗೆ ಅವರು ಹೊಸದಾಗಿ ಕೂಡಿಸಿದ್ದು ಅಚ್ಚುಕಟ್ಟುತನ, ಒಂದು ಹೆಸರು ಮತ್ತು ಗಿರಾಕಿ.

ಕಟ್ಟಳೆ, ತಾಳ್ಮೆ

ಜಿಂಬಾಬ್ವೆಯ ಸ್ಟ್ರೈವ್ ಮಸಿಯಿವಾ ಸರ್ಕಾರಿ ದೂರವಾಣಿ ಸಂಸ್ಥೆಯ ಕೆಲಸ ಬಿಟ್ಟ ಎಂಜಿನಿಯರ್. 1993ರಲ್ಲಿ ಮೊಬೈಲ್ ಫೋನ್ ಸೇವೆ ತೊಡಗಲು ಹೊರಟಾಗ ಅದು ಸರ್ಕಾರದ ಏಕಸ್ವಾಮ್ಯವೆಂದು ಅಡ್ಡಿ ಬಂತು. ಆತ ಲಂಚದ ದಾರಿ ಹಿಡಿಯದೆ ನ್ಯಾಯಾಲಯದ ಮೆಟ್ಟಿಲೇರಿದರು. ಈ ಏಕಸ್ವಾಮ್ಯವು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಅವರ ವಾದ. ಆ ವಾದಕ್ಕೆ ಜಯವಾಯಿತು. ಐದು ವರ್ಷಗಳ ಹೋರಾಟದ ಬಳಿಕ 1998ರಲ್ಲಿ ‘ಎಕೊನೆಟ್’ ಸೇವೆ ಆರಂಭವಾಯಿತು. ಎಲ್ಲರಿಗೂ ಅಷ್ಟು ದೊಡ್ಡ ಹೋರಾಟ ಎದುರಾಗದು. ಆದರೆ ನೋಂದಣಿ, ತೆರಿಗೆ, ಪರವಾನಗಿಗಳನ್ನು ಆಮೇಲೆ ನೋಡಿದರಾಯಿತು ಎಂದವರು ಬೆಳೆಯುವ ಹೊತ್ತಿಗೆ ಸಿಕ್ಕಿಬೀಳುತ್ತಾರೆ.

ಬೆಳೆಯುವಾಗಲೇ ಎಚ್ಚರ

ಹಣ ಬಂದ ಮಾತ್ರಕ್ಕೆ ಉದ್ಯಮ ಉಳಿಯುವುದಿಲ್ಲ. ಕೀನ್ಯಾದ ಸರಕು ಸಾಗಣೆ ಕಂಪೆನಿ ‘ಸೆಂಡಿ’ 2020ರಲ್ಲಿ ಎರಡು ಕೋಟಿ ಡಾಲರ್ ಹೂಡಿಕೆ ಗಳಿಸಿ ಸುದ್ದಿಯಾಗಿತ್ತು. 2023ರಲ್ಲಿ ಅದು ಬಾಗಿಲು ಮುಚ್ಚಿತು. ದೊಡ್ಡ ಕಂಪೆನಿಗಳ ಗತಿಯೇ ಹೀಗಾದರೆ ಸಣ್ಣವರು ಎಷ್ಟು ಜಾಗ್ರತೆ ವಹಿಸಬೇಕು!

ಸಣ್ಣ ಉದ್ಯಮಗಳನ್ನು ಮುಳುಗಿಸುವ ಕಾರಣಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಗಲ್ಲಾಪೆಟ್ಟಿಗೆಯ ಹಣ ಮನೆಯ ಮದುವೆ, ಕಾಯಿಲೆಗೆ ಹೋಗುತ್ತದೆ. ನೆಂಟರಿಗೆ ಕೊಟ್ಟ ಉದ್ದರಿ ವಾಪಸು ಬರುವುದಿಲ್ಲ. ಮೊದಲ ಅಂಗಡಿ ಲಾಭ ಕಾಣುವ ಮುನ್ನವೇ ಎರಡನೆಯದು ತೆರೆಯುತ್ತದೆ. ಇದಕ್ಕೆ ಮದ್ದು ಸರಳ: ಮನೆಗೊಂದು, ವ್ಯಾಪಾರಕ್ಕೊಂದು ಎಂದು ಬೇರೆ ಬೇರೆ ಖಾತೆ ಇಡುವುದು, ತಾನೂ ಒಬ್ಬ ನೌಕರನೆಂದು ಭಾವಿಸಿ ಗೊತ್ತಾದ ಸಂಬಳ ಮಾತ್ರ ತೆಗೆದುಕೊಳ್ಳುವುದು, ದಿನದ ಲೆಕ್ಕವನ್ನು ಆ ದಿನವೇ ಬರೆಯುವುದು.

ಪಾಲಕರ ಪಾತ್ರ

ಮಗ ವ್ಯಾಪಾರದ ಮಾತೆತ್ತಿದರೆ ಓದು ಕೆಟ್ಟಿತೆಂದು ಹೆದರುವ ಪಾಲಕರು ಆಫ್ರಿಕಾದಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಆ ಹೆದರಿಕೆ ಪೂರ್ತಿ ತಪ್ಪಲ್ಲ. ಆದರೆ ಮುಪುಯಾ ಚೀಲದ ಕೆಲಸ ಆರಂಭಿಸಿದ್ದು ಶಾಲೆಯಲ್ಲಿದ್ದುಕೊಂಡೇ. ಬೆತ್ಲೆಹೆಮ್‌ಗೆ ಲೆಕ್ಕಶಾಸ್ತ್ರ, ಮಸಿಯಿವಾಗೆ ಎಂಜಿನಿಯರಿಂಗ್ ಬೆನ್ನಿಗಿದ್ದವು. ಓದು ಬಿಟ್ಟು ಉದ್ಯಮ ಮಾಡಬೇಕೆಂದು ಇವರ ಬದುಕು ಹೇಳುವುದಿಲ್ಲ.

ಆದ್ದರಿಂದ ಮಕ್ಕಳು ಕೇಳಿದಾಗ ಮನೆ ಅಡವಿಟ್ಟು ಹಣ ತರುವುದೂ ಬೇಡ, ಗದರಿ ಬಾಯಿ ಮುಚ್ಚಿಸುವುದೂ ಬೇಡ. ಹೋದರೂ ಮನೆ ಮುಳುಗದಷ್ಟು ಸಣ್ಣ ಮೊತ್ತವನ್ನು ಸಾಲವೆಂದೇ ಕೊಟ್ಟು, ತಿಂಗಳಿಗೊಮ್ಮೆ ಲೆಕ್ಕ ಕೇಳುವುದು ಒಳ್ಳೆಯದು. ಆ ಉಗಾಂಡದ ಶಿಕ್ಷಕರು ಕೊಟ್ಟದ್ದು ಮೂರೇ ಡಾಲರ್. ಜೊತೆಗೆ ಈ ಹುಡುಗ ಮಾಡಿಯಾನು ಎಂಬ ನಂಬಿಕೆಯೂ ಇತ್ತು.

‘ಹಬಾ ನಾ ಹಬಾ ಹುಜಾಜಾ ಕಿಬಾಬಾ’ ಎಂದು ಸ್ವಾಹಿಲಿ ಗಾದೆ. ಚೂರು ಚೂರೇ ಸೇರಿ ಅಳತೆಯ ಪಾತ್ರೆ ತುಂಬುತ್ತದೆ ಎಂದರ್ಥ. ತೆನೆ ತೆನೆ ಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.